ಗಿರಾಕಿ ತಲೆಯಾಡಿಸುವ ತನಕ

ಕುರ್ಚಿಯ ಬುಡದ ಹಿಡಿಯನ್ನು ಕಾಲಿನಿಂದ ನಾಲ್ಕು ಸಲ ಒತ್ತಿ, ಸತ್ತವನ ಗಲ್ಲ ತನ್ನ ಎದೆಯ ಮಟ್ಟಕ್ಕೆ ಬಂದದ್ದು ಖಾತ್ರಿಯಾದ ಮೇಲೆ ಪಕ್ಕದ ಕುರ್ಚಿ ಬಿಳಿ ಬಟ್ಟೆಯನ್ನು ಫಟ್ಟನೆ ಕೊಡವಿದ. ಅದರಲ್ಲಿ ಕೂದಲೇನೂ ಇರಲಿಲ್ಲ, ಕೈಗೆ ಅಭ್ಯಾಸ ಅಷ್ಟೆ. ಬಟ್ಟೆಯನ್ನು ಕೊರಳಿಗೆ ಸುತ್ತಿ, ಹಿಂದೆ ಕ್ಲಿಪ್ಪು ಹಾಕಿ, "ಬಿಗಿ ಆಯ್ತೇನೋ?" ಎಂದು ಕೇಳಿಯೂಬಿಟ್ಟ. ಆಮೇಲೆ ತಾನೇ ನಾಲಿಗೆ ಕಚ್ಚಿಕೊಂಡ.

ಪಕ್ಕದ ಕುರ್ಚಿ ಎಂದರೆ ಮನುಷ್ಯ. ಈ ಕ್ಷೌರದಂಗಡಿಯಲ್ಲಿ ಇದ್ದದ್ದು ಎರಡೇ ಕುರ್ಚಿ. ಬಾಗಿಲ ಕಡೆಯದು ಟೋಪಿಯಣ್ಣನದು, ಗೋಡೆ ಕಡೆಯದು ಇವನದು. "ಟೋಪಿಯಣ್ಣನ ಹತ್ರ ರಶ್ಶಿದ್ರೆ ಪಕ್ಕದ ಕುರ್ಚಿಗೆ ಹೋಗು" ಎಂದು ಜನ ಮೂವತ್ತು ವರ್ಷ ಹೇಳಿ ಹೇಳಿ ಅವನ ಹೆಸರೇ ಅದಾಗಿ ನಿಂತಿತ್ತು. ಮೊನ್ನೆ ಮಧ್ಯಾಹ್ನ ಟೋಪಿಯಣ್ಣ ಯಾರದೋ ಕೆನ್ನೆಗೆ ನೊರೆ ಹಚ್ಚುತ್ತ ಹಚ್ಚುತ್ತಲೇ ಕುಸಿದು ಹೋಗಿದ್ದ. ಹಿಂದೆ ಮುಂದೆ ಯಾರೂ ಇಲ್ಲದವನು. ಆಸ್ಪತ್ರೆಯಿಂದ ತಂದ ದೇಹವನ್ನು ಮಣ್ಣಿಗೆ ಒಯ್ಯುವ ಮೊದಲು ಅವನದೇ ಕುರ್ಚಿಯಲ್ಲಿ ಕೂರಿಸಿ, ಶೇವಿಂಗು ಕಟಿಂಗು ಎರಡೂ ಮಾಡಿ ಕಳಿಸಬೇಕೆಂಬುದು ಪಕ್ಕದ ಕುರ್ಚಿಯ ಹಟ. ಹನ್ನೊಂದಕ್ಕೆ ಗಾಡಿ ಬರುವುದಿತ್ತು. ಪೆಟ್ಟಿಗೆ ಬೆಂಚಿನ ಮೇಲೆ ಬಾಯಿ ತೆರೆದುಕೊಂಡು ಕಾದಿತ್ತು.

"ನನ್ನ ಕೈ ನಡುಗ್ತಿದೆ, ಇವನ ತಲೆ ವಾಲ್ತಿದೆ," ಎಂದ ಪಕ್ಕದ ಕುರ್ಚಿ. "ಎರಡೂ ಒಟ್ಟಿಗಾದ್ರೆ ಕಿವಿ ಉಳಿಯಲ್ಲ. ಯಾರಾದ್ರೂ ಸ್ವಲ್ಪ ಹಿಡ್ಕೊಳ್ಳಿಪ್ಪಾ."

ಬೇಕರಿಯಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಹಳೆಯ ಅಂಚೆಯವನು ಕನ್ನಡಕ ಒರೆಸತೊಡಗಿದ. ಮುಂದೆ ಬಂದದ್ದು, ಅಪ್ಪ ಕರೆದನೆಂದು ಸೇತುವೆಯಾಚೆಯಿಂದ ಬಂದಿದ್ದ ಟೈಪಿಸ್ಟಿನ ಮಗ. ಅವನು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವನು. ಬದುಕಿದವರ ತಲೆಯನ್ನೂ ಅಲ್ಲದವರ ತಲೆಯನ್ನೂ ಹಿಡಿದು, ಹೀಗೆ ತಿರುಗಿಸಿ ಹಾಗೆ ತಿರುಗಿಸಿ, ಅವನ ಕೈಗಳಿಗೆ ಅದು ಲೆಕ್ಕಕ್ಕೇ ಇಲ್ಲ. ಕುರ್ಚಿಯ ಹಿಂದೆ ನಿಂತು ಎರಡೂ ಅಂಗೈಯನ್ನು ಟೋಪಿಯಣ್ಣನ ಕಿವಿಗಳ ಮೇಲೆ ಇಟ್ಟು ತಲೆಯನ್ನು ನೆಟ್ಟಗೆ ಹಿಡಿದ. ಟೋಪಿ ತಲೆಯ ಮೇಲೇ ಇತ್ತು. ಕಂದು ಬಣ್ಣದ, ಅಂಚು ಸವೆದ ಬಟ್ಟೆ ಟೋಪಿ.

ಬಾಗಿಲ ಹತ್ತಿರ ನಿಂತಿದ್ದ ಟೈಪಿಸ್ಟ್ ಆ ಕೈಗಳನ್ನು ನೋಡಲಾರದೆ ಬೀದಿಯ ಕಡೆ ತಿರುಗಿದ.

"ಇಷ್ಟು ಹೊತ್ತು ಬಾಯಿ ಮುಚ್ಕೊಂಡಿರೋದು ಇವತ್ತೇ ಇವನು," ಎಂದಳು ಬೇಕರಿಯಮ್ಮ ಮೂಗೊರೆಸಿಕೊಳ್ಳುತ್ತ. "ನಾನು ಗೋಡೆಯಾಚೆ ಒಲೆ ಮುಂದೆ ನಿಂತಿದ್ರೂ ಇವನ ಮಾತು ಕೇಳ್ತಿತ್ತು. ರೇಡಿಯೋ ತಗೊಳ್ಳೋ ಖರ್ಚೇ ಉಳೀತು ನನಗೆ."

"ನನ್ನ ಮಗಳಿಗೆ ಗಂಡು ಗೊತ್ತಾಗಿದ್ದು ನನಗಿಂತ ಮೊದ್ಲು ಇವನಿಗೆ ತಿಳಿದಿತ್ತು," ಎಂದ ಅಂಚೆಯವನು. "ಕಾಗದ ಹಂಚೋನು ನಾನು, ಸುದ್ದಿ ಹಂಚೋನು ಇವನು. ಹೆಸರಿಗೆ ಟೋಪಿಯಣ್ಣ. ಒಬ್ರಿಗೂ ಟೋಪಿ ಹಾಕ್ಲಿಲ್ಲ ಪುಣ್ಯಾತ್ಮ."

ಎಲ್ಲರೂ ಸಣ್ಣಗೆ ನಕ್ಕರು. ಮಗನೂ ನಕ್ಕ.

"ನನ್ನ ಹತ್ರ ಮಾತ್ರ ಮೂಗ ಆಗ್ಬಿಡ್ತಿದ್ರು," ಎಂದ.

"ಯಾರು? ಇವನಾ?" ಬೇಕರಿಯಮ್ಮ ಕಣ್ಣರಳಿಸಿದಳು.

"ನಿಜ ಕಣಮ್ಮ. ಚಿಕ್ಕೋನಿದ್ದಾಗಿಂದ ಹದಿನಾರು ವರ್ಷದ ತನಕ ತಿಂಗಳಿಗೊಂದ್ಸಲ ಇಲ್ಲೇ ಕಟಿಂಗ್ ನಂದು. ಅಪ್ಪ ಸೇತುವೆ ದಾಟಿಸಿ ಕರ್ಕೊಂಡು ಬರ್ತಿದ್ದ. ನನಗಿಂತ ಮುಂಚೆ ಕೂತೋನ ಹತ್ರ ಹರಟೆ, ನಾನೆದ್ದ ಮೇಲೆ ಬಂದೋನ ಹತ್ರ ಹರಟೆ. ನಾನು ಕೂತ್ರೆ ತುಟಿ ಪಿಟಕ್ ಅಂತಿರ್ಲಿಲ್ಲ. ಹೆಸರೇನು, ಎಷ್ಟನೇ ಕ್ಲಾಸು, ಅದೂ ಕೇಳಿದೋರಲ್ಲ. ನನ್ನ ಕಂಡ್ರೆ ಆಗಲ್ಲ ಅನ್ಕೊಂಡಿದ್ದೆ. ಮೀಸೆ ಬಂದ ಮೇಲೆ ಬರೋದೇ ಬಿಟ್ಟೆ."

"ಹಾಗಿರಲ್ಲಪ್ಪ," ಎಂದಳು ಬೇಕರಿಯಮ್ಮ. ಸತ್ತವನ ಪರವಾಗಿ ಅವಳಿಗೆ ನಾಚಿಕೆಯಾದಂತಿತ್ತು. "ಏನೋ ಯೋಚನೆ ಇದ್ದಿರ್ಬೇಕು."

"ಹೋಗ್ಲಿ ಬಿಡಿ," ಎಂದು ಮಗ ತಲೆಯನ್ನು ಇನ್ನಷ್ಟು ನೆಟ್ಟಗೆ ಹಿಡಿದ.

ಟೈಪಿಸ್ಟ್ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಬರುವಾಗ ಬಸ್ಸಿನಲ್ಲಿ ಅವನು ತನಗೆ ತಾನೇ ಮಾತು ಕೊಟ್ಟುಕೊಂಡಿದ್ದ: ಪೆಟ್ಟಿಗೆ ಮುಚ್ಚುವ ಮೊದಲು ಹೇಳಬೇಕು. ಹೇಳಿದರೆ ಮೂವತ್ತೆರಡು ವರ್ಷದಿಂದ 'ಅಪ್ಪ' ಎನ್ನುತ್ತಿರುವ ಈ ಹುಡುಗ ನಾಳೆಯೂ ಹಾಗೆನ್ನುವನೋ ಇಲ್ಲವೋ. ಹೇಳದಿದ್ದರೆ ಅವನ ಹೆತ್ತ ಅಪ್ಪ, ಮಗನ ಕಣ್ಣಲ್ಲಿ, ಅವನನ್ನು ಕಂಡರಾಗದ ಯಾವನೋ ಕ್ಷೌರಿಕನಾಗಿಯೇ ಮಣ್ಣು ಸೇರುತ್ತಾನೆ. ಬಾಯಲ್ಲಿಟ್ಟುಕೊಂಡ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

*

ಮಗುವನ್ನು ಬಿಟ್ಟುಕೊಟ್ಟ ಕಾಗದವನ್ನು ಟೈಪು ಮಾಡಿದ್ದು ಅವನೇ.

ಆಗ ಅವನು ನ್ಯಾಯಾಲಯದ ಎದುರಿನ ಸಾಲಿನಲ್ಲಿ ಒಂದು ಮೇಜು, ಒಂದು ಯಂತ್ರ ಇಟ್ಟುಕೊಂಡು ಕೂರುತ್ತಿದ್ದ. ಅವನು ಮದುವೆಯಾಗಬೇಕಿದ್ದ ಹೆಣ್ಣು ಗಂಡನನ್ನು ಬಿಟ್ಟು ವರ್ಷ ದಾಟಿತ್ತು, ಕಂಕುಳಲ್ಲಿ ಎರಡು ವರ್ಷದ ಗಂಡುಮಗು. ಮೊದಲ ಗಂಡ ಇದೇ ಕ್ಷೌರಿಕ. ಮಗುವಿನ ಪೋಷಣೆಗೆ ತಿಂಗಳು ತಿಂಗಳು ಇಷ್ಟು ಕೊಡಬೇಕೆಂದು ಆದೇಶವಾಗಿತ್ತು. ಮೊದಮೊದಲು ಕೊಟ್ಟ. ಆಮೇಲೆ ಸೋಪು ನೀರಿನಿಂದ ಅವನ ಕೈಗಳಿಗೆ ಇಸುಬಾಗಿ, ಬೆರಳ ಸಂದಿಯೆಲ್ಲ ಒಡೆದು, ಆರು ತಿಂಗಳು ಕತ್ತರಿ ಹಿಡಿಯಲಾಗಲಿಲ್ಲ. ಕೊಡುವುದು ನಿಂತಿತು. ಎರಡು ಸಲ ಕಟಕಟೆಯಲ್ಲಿ ನಿಂತು ತಲೆ ತಗ್ಗಿಸಿದ. ಆಗ ವಕೀಲರೇ ಒಂದು ದಾರಿ ಹೇಳಿದರು. ಅವನು ತಂದೆಯ ಹಕ್ಕು ಬಿಟ್ಟುಕೊಡಲಿ, ಇವನು ಮಗುವನ್ನು ದತ್ತು ತೆಗೆದುಕೊಳ್ಳಲಿ, ಅಲ್ಲಿಗೆ ತಿಂಗಳ ಬಾಧ್ಯತೆಯೂ ತೀರುತ್ತದೆ, ಹಳೆಯ ಬಾಕಿಯೂ ತೀರುತ್ತದೆ.

ವಕೀಲರ ಕರಡಿನಲ್ಲಿ ಇದ್ದದ್ದು ಅಷ್ಟೇ. ಹಕ್ಕಿಲ್ಲ, ಬಾಧ್ಯತೆಯಿಲ್ಲ. ಟೈಪಿಸ್ಟಿಗೆ ಅದು ಸಾಲದೆನಿಸಿತು. ನಾಳೆ ಈ ಮನುಷ್ಯ ಶಾಲೆಯ ಬಾಗಿಲಲ್ಲಿ ನಿಂತರೆ? ಮಗುವಿಗೆ ಮಿಠಾಯಿ ಕೊಟ್ಟು ಒಂದು ಮಾತು ಆಡಿದರೆ? ಎರಡು ಪ್ಯಾರಾಗಳ ನಡುವೆ ತನ್ನ ಬುದ್ಧಿಯಿಂದಲೇ ಒಂದು ಸಾಲು ಸೇರಿಸಿದ. "ಇನ್ನು ಮುಂದೆ ಸದರಿ ಮಗುವನ್ನು ನಾನು ಮುಖಾಮುಖಿ ಭೇಟಿಯಾಗತಕ್ಕದ್ದಲ್ಲ, ಮಾತನಾಡಿಸತಕ್ಕದ್ದಲ್ಲ, ಪತ್ರ ಬರೆಯತಕ್ಕದ್ದಲ್ಲ." ಬರೆಯುವವನಿಗೆ ಆ ಭಾಷೆ ಬಾಯಿಪಾಠ, ಬೆರಳು ತಾವಾಗಿ ಓಡಿದವು. ವಕೀಲರು ಓದದೆ ಸೀಲು ಒತ್ತಿದರು. ನ್ಯಾಯಾಧೀಶರೂ ಆ ಸಾಲಿನ ಮಾತೆತ್ತಲಿಲ್ಲ. ಆ ಸಾಲನ್ನು ಪೂರ್ತಿ ಓದಿದವನು ಒಬ್ಬನೇ.

ಕ್ಷೌರಿಕ ಟೈಪಿಸ್ಟಿನ ಮೇಜಿನ ಮುಂದೆ ನಿಂತು, ಬ್ಯಾಂಡೇಜು ಸುತ್ತಿದ ಬೆರಳನ್ನು ಅಕ್ಷರದಿಂದ ಅಕ್ಷರಕ್ಕೆ ಸರಿಸುತ್ತ ಓದಿದ. ಬಾಧ್ಯತೆಯಿಂದ ಮುಕ್ತನಾಗಿರುತ್ತೇನೆ ಎಂಬಲ್ಲಿ ಅವನ ಉಸಿರು ಹಗುರವಾಗಿ ಹೊರಬಂತು. ಅದನ್ನು ಮುಚ್ಚಿಡಬಾರದು. ಹಗುರವಾದದ್ದು ನಿಜ. ಟೈಪಿಸ್ಟ್ ಅದನ್ನು ಕಂಡ, ತಾನು ಹಗುರವಾದದ್ದನ್ನು ಇವನು ಕಂಡನೆಂದು ಕ್ಷೌರಿಕನಿಗೂ ಗೊತ್ತಾಯಿತು. ಅವನ ಮುಖ ಕೆಂಪಾಯಿತು. ಮತ್ತೆ ಮೇಲೆ, ಟೈಪಿಸ್ಟ್ ಸೇರಿಸಿದ್ದ ಸಾಲಿಗೆ ಬಂದು ಅಲ್ಲೇ ಬಹಳ ಹೊತ್ತು ನಿಂತ.

"ಅವನಿಗೆ ಒಬ್ಬನೇ ಅಪ್ಪ ಇರ್ಲಿ," ಎಂದ. "ಅರ್ಧರ್ಧ ಇಬ್ರು ಬೇಡ." ರುಜು ಹಾಕಿದ. ಪೆನ್ನು ಮುಚ್ಚುತ್ತ, ತಮಾಷೆಯೋ ನಿಜವೋ ತಿಳಿಯದ ದನಿಯಲ್ಲಿ, "ತಲೆ ಮುಟ್ಟಬಾರ್ದು ಅಂತ ಎಲ್ಲೂ ಬರೆದಿಲ್ವಲ್ಲ ಸಾರ್?" ಎಂದು ಕೇಳಿದ.

ಟೈಪಿಸ್ಟ್ ಕಾಗದವನ್ನು ಮಡಚಿ ಎತ್ತಿಟ್ಟ. ಆದರೆ ಆ ಪ್ರಶ್ನೆ ಅವನ ಬೆನ್ನು ಬಿಡಲಿಲ್ಲ. ಮೂರು ತಿಂಗಳಾದ ಮೇಲೆ ಮಗುವಿನ ಕೂದಲು ಕಣ್ಣಿಗೆ ಬೀಳತೊಡಗಿದಾಗ, ಮನೆಯ ಎದುರೇ ಸಲೂನಿದ್ದರೂ ಸೇತುವೆ ದಾಟಿ ಇಲ್ಲಿಗೇ ಕರೆತಂದ. ಮೊದಲ ಸಲ ತಂದದ್ದು ದಯೆಯಿಂದಲ್ಲ. ಆಸಾಮಿ ಬರೆದುಕೊಟ್ಟಂತೆ ನಡೆಯುತ್ತಾನೋ ಇಲ್ಲವೋ ನೋಡೋಣವೆಂದು.

*

"ಸಾರ್, ಒಂಚೂರು ಒಳಗೆ ಬನ್ನಿ. ಬಿಸಿನೀರಿನ ಪಾತ್ರೆ ಹಿಡೀಬೇಕು," ಎಂದು ಪಕ್ಕದ ಕುರ್ಚಿ ಕರೆದ. ಶೇವಿಂಗ್ ಮುಗಿದಿತ್ತು.

ಒಳಕೋಣೆಯಲ್ಲಿ ಒಂದು ನಲ್ಲಿ, ಒಂದು ಸ್ಟವ್, ಗೂಟಕ್ಕೆ ಹಾಕಿದ ಟವೆಲುಗಳು. ಬಿಸಿನೀರೂ ಇರಲಿಲ್ಲ, ಪಾತ್ರೆಯೂ ಇರಲಿಲ್ಲ. ಪಕ್ಕದ ಕುರ್ಚಿ ಪರದೆ ಎಳೆದ.

"ಈಗ ಕಟಿಂಗ್ ಮಾಡ್ಬೇಕು. ಟೋಪಿ ತೆಗೀಲಾ, ಬೇಡ್ವಾ? ನೀವೇ ಹೇಳಿ."

"ನನ್ನ ಯಾಕೆ ಕೇಳ್ತೀರಿ?"

ಪಕ್ಕದ ಕುರ್ಚಿ ಬಾಚಣಿಗೆಯನ್ನು ಅಂಗಿಗೆ ಒರೆಸಿಕೊಂಡ. "ಊರವರ ತಲೆಯೆಲ್ಲ ಸವರಬಹುದು, ತನ್ನ ತಲೆ ತಾನು ಸವರ್ಕೊಳ್ಳೋಕಾಗಲ್ಲ ಸಾರ್. ಅವನ ತಲೆ ನಾನು, ನನ್ನ ತಲೆ ಅವನು. ಅಂಗಡಿ ಬಾಗಿಲು ಹಾಕ್ಕೊಂಡು ಕತ್ತರಿಸ್ತಿದ್ವಿ. ಅವನಿಗೆ ನೆತ್ತಿ ಮೇಲೆ ಎರಡು ಸುಳಿ. ಒಂದು ಬಲಕ್ಕೆ ತಿರುಗುತ್ತೆ, ಒಂದು ಎಡಕ್ಕೆ. ಲಕ್ಷಕ್ಕೊಬ್ರು ಹಾಗೆ. ನೀವು ಮಗೂನ ಮೊದಲ್ನೇ ಸಲ ಕರ್ಕೊಂಡ್ಬಂದ್ರಲ್ಲ, ಅವತ್ತು ಅವನ ಕೈ ನೆತ್ತಿ ಹತ್ರ ಹಾಗೇ ನಿಂತುಹೋಯ್ತು. ನಾನು ಬಗ್ಗಿ ನೋಡಿದೆ, ಮಗೂಗೂ ಅವೇ ಎರಡು ಸುಳಿ. ಮರುದಿವ್ಸ ಟೋಪಿ ಹಾಕ್ಕೊಂಡು ಬಂದ. ಅಲ್ಲಿಂದ ಗಿರಾಕಿ ಮುಂದೆ ಒಂದು ದಿನ ತೆಗೀಲಿಲ್ಲ, ಸೆಕೆಗೆ ತಲೆ ಬೆಂದುಹೋಗ್ತಿದ್ರೂ."

ಟೈಪಿಸ್ಟ್ ನಲ್ಲಿಯ ಮೇಲೆ ಕೈಯಿಟ್ಟ. ಅದು ತಣ್ಣಗಿತ್ತು.

"ನಿಮಗೆ ಅವನೇ ಹೇಳಿದ್ನಾ?"

"ಅಷ್ಟು ಮಾತಾಡೋನು ಅದೊಂದು ಮಾತ್ರ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ತಲೆ ಸುಳ್ಳು ಹೇಳಲ್ಲ ಸಾರ್. ಈಗ ನಿಮ್ಮ ಮಗ ಹಿಂದೆ ನಿಂತು ತಲೆ ಹಿಡ್ಕೊಂಡಿದ್ದಾನೆ. ಟೋಪಿ ತೆಗೆದ್ರೆ ಅವನ ಕಣ್ಣಿಗೇ ಬೀಳುತ್ತೆ. ಬೇಡ ಅಂದ್ರೆ ಹೀಗೇ ಕಳಿಸ್ತೀನಿ. ಇಷ್ಟು ವರ್ಷ ಮುಚ್ಚಿಟ್ಟಿದ್ದು, ನಾನು ಬಿಚ್ಚೋದು ಸರಿಯಲ್ಲ."

ಬೀದಿಯಲ್ಲಿ ಗಾಡಿ ಬಂದು ನಿಂತ ಸದ್ದಾಯಿತು. ಬೇಕರಿಯಮ್ಮನೂ ಅಂಚೆಯವನೂ ಮಾತಾಡುತ್ತ ಹೊರಗೆ ಹೋದರು.

*

ಹದಿನಾಲ್ಕು ವರ್ಷ ಟೈಪಿಸ್ಟ್ ಗೋಡೆಯ ಬೆಂಚಿನಲ್ಲಿ ಕೂತು ನೋಡಿದ್ದ. ಮಗು ಹಲಗೆಯ ಮೇಲೆ ಕೂರುತ್ತಿತ್ತು, ಆಮೇಲೆ ಹಲಗೆ ಬೇಡವಾಯಿತು, ಆಮೇಲೆ ಕಾಲು ನೆಲಕ್ಕೆ ತಾಗಿತು. ಕ್ಷೌರಿಕ ಒಂದು ಸಲವೂ ಮುಂದೆ ಬಂದು ನಿಂತು ಅದರ ಮುಖ ನೋಡಲಿಲ್ಲ. ಹಣೆಯ ಕೂದಲನ್ನು ಕೂಡ ಹಿಂದಿನಿಂದಲೇ ಕೈ ಚಾಚಿ ಕತ್ತರಿಸಿದ. ನೋಡಬೇಕಾದ್ದನ್ನು ಕನ್ನಡಿಯಲ್ಲಿ ನೋಡಿದ. ಮುಖಾಮುಖಿ ಭೇಟಿಯಾಗತಕ್ಕದ್ದಲ್ಲ ಎಂದರೆ ಅವನ ಮಟ್ಟಿಗೆ ಆಗತಕ್ಕದ್ದಲ್ಲ.

ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಕೂದಲಿಲ್ಲದ ಕಡೆ, ಬರಿಯ ಗಾಳಿಯಲ್ಲಿ, ಕತ್ತರಿ ಕಚ ಕಚ ಎನ್ನುತ್ತಲೇ ಇರುತ್ತಿತ್ತು. ಆ ಸದ್ದು ಟೈಪಿಸ್ಟಿನ ಕಿವಿಯಲ್ಲಿ ಮನೆ ಮಾಡಿತು. ಯಂತ್ರದ ಮುಂದೆ ಕೂತರೂ ಕೀಲಿಗಳ ಸದ್ದಿನ ಹಿಂದೆ ಅದೇ ಕೇಳುತ್ತಿತ್ತು. ಎಷ್ಟೋ ಸಲ ಟೈಪು ನಿಲ್ಲಿಸಿ ಕಿವಿಗೊಟ್ಟಿದ್ದಾನೆ.

ಕಡೆಯಲ್ಲಿ ಕೈಗನ್ನಡಿ. ಕತ್ತಿನ ಹಿಂದೆ ಅದನ್ನು ಹಿಡಿದು ಹಿಂಬದಿ ತೋರಿಸುವುದು, ಗಿರಾಕಿ ತಲೆಯಾಡಿಸುವ ತನಕ ಇಳಿಸದಿರುವುದು ಅಂಗಡಿಯ ಪದ್ಧತಿ. ಎಲ್ಲರಿಗೂ "ಸರಿಯಿದೆಯಾ ನೋಡಿ" ಎನ್ನುವವನು ಈ ಹುಡುಗನಿಗೆ ಏನೂ ಅನ್ನದೆ ಸುಮ್ಮನೆ ಹಿಡಿದು ನಿಲ್ಲುತ್ತಿದ್ದ. ಚಿಕ್ಕವನಿದ್ದಾಗ ಹುಡುಗ ಕನ್ನಡಿಯೊಳಗಿನ ಕನ್ನಡಿ ನೋಡುತ್ತ ಮೈಮರೆತು ಎಷ್ಟೋ ಹೊತ್ತು ಕೂರುತ್ತಿದ್ದ. ಕ್ಷೌರಿಕನ ತೋಳು ನೋಯುತ್ತಿತ್ತೋ ಏನೋ, ಇಳಿಸುತ್ತಿರಲಿಲ್ಲ. ದೊಡ್ಡವನಾದಂತೆ ಬೇಗ ಬೇಗ ತಲೆಯಾಡಿಸತೊಡಗಿದ. ಹದಿನಾರರ ಆ ಕೊನೆಯ ಸಲ ಕನ್ನಡಿ ಮೇಲೆ ಬರುವ ಮೊದಲೇ ತಲೆಯಾಡಿಸಿ, ಬಟ್ಟೆ ಕಿತ್ತು ಹಾಕಿ, ಎದ್ದು ಬೀದಿಗೆ ನಡೆದಿದ್ದ. ಕ್ಷೌರಿಕ ಖಾಲಿ ಕುರ್ಚಿಯ ಹಿಂದೆ ಕೈಗನ್ನಡಿ ಹಿಡಿದು ನಿಂತೇ ಇದ್ದ.

ಆವತ್ತಾದರೂ ಹೇಳಬಹುದಿತ್ತು: ಆ ಸಾಲು ಬಿಟ್ಟುಬಿಡಿ, ಅದು ವಕೀಲರದ್ದಲ್ಲ, ನನ್ನದು, ಮಾತಾಡಿಸಿ. ಹೆಂಡತಿ, "ಹೇಳೋದಿದ್ರೆ ನಾನು ಹೋದ್ಮೇಲೆ ಹೇಳಿ" ಎಂದಿದ್ದಳು. ಅವಳು ತೀರಿಹೋಗಿ ಈಗ ನಾಲ್ಕು ವರ್ಷವಾಗಿತ್ತು. ನಾಲ್ಕು ವರ್ಷವೂ ಅವನು ನಾಳೆ ನಾಳೆ ಎಂದು ಮೀನಮೇಷ ಎಣಿಸಿದ. ಸೇತುವೆಯ ಈಚೆ ಒಬ್ಬ ಮನುಷ್ಯ ಸೆಕೆಯಲ್ಲಿ ಟೋಪಿ ಹಾಕಿಕೊಂಡು ಬದುಕಿದ್ದ, ಆಚೆ ಇವನು ಅಪ್ಪ ಅನ್ನಿಸಿಕೊಂಡು ಬದುಕಿದ್ದ.

*

ಪರದೆ ಸರಿಸಿ ಹೊರಬಂದಾಗ ಅಂಗಡಿಯಲ್ಲಿ ಮಗ ಒಬ್ಬನೇ ಇದ್ದ. ತಲೆ ಹಿಡಿದೇ ನಿಂತಿದ್ದ.

"ಬೇಗ ಮುಗಿಸಿ, ಗಾಡಿ ಬಂತು," ಎಂದ.

"ಟೋಪಿ ತೆಗೀರಿ," ಎಂದ ಟೈಪಿಸ್ಟ್, ಪಕ್ಕದ ಕುರ್ಚಿಗೆ. ಅವನು ಟೋಪಿಗೆ ಕೈಹಾಕುವಷ್ಟರಲ್ಲಿ, "ತಡೀರಿ, ಮೊದ್ಲು ನಾನು ಹೇಳ್ತೀನಿ" ಎಂದ. ಕಣ್ಣಿಗೆ ಬಿದ್ದು ತಿಳಿಯುವುದು ಬೇಡ, ಬಾಯಿಂದಲೇ ತಿಳಿಯಲಿ ಎನ್ನಿಸಿತು.

ಹೇಗೆ ಶುರು ಮಾಡುವುದೆಂದು ತಿಳಿಯದೆ, ತನಗೆ ಬಾಯಿಪಾಠವಾಗಿದ್ದ ಒಂದೇ ಒಂದನ್ನು ಹೇಳತೊಡಗಿದ. "ನಾನು ಸದರಿ ಗಂಡುಮಗುವಿನ ಮೇಲಿನ ತಂದೆಯ ಸಕಲ ಹಕ್ಕುಗಳನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿರುತ್ತೇನೆ..."

"ಏನಪ್ಪ ಅದು?"

ಟೈಪಿಸ್ಟ್ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಶುರುವಾಗುವಂತಿರಲಿಲ್ಲ. ಪೂರ್ತಿ ಹೇಳಿದ. ಹಕ್ಕು, ಬಾಧ್ಯತೆ, ಮೂರು ತಕ್ಕದ್ದಲ್ಲ. ಕೊನೆಗೆ, "ಸದರಿ ಮಗು ನೀನು. ಬರೆದುಕೊಟ್ಟಿದ್ದು ಇವರು" ಎಂದ. ಉಸಿರೆಳೆದುಕೊಂಡು, "ಮಾತಾಡಿಸಬಾರ್ದು, ಎದುರಿಗೆ ಬರಬಾರ್ದು ಅನ್ನೋ ಸಾಲು ಯಾರೂ ಬರಿ ಅಂದಿರ್ಲಿಲ್ಲ ಮಗಾ. ಅದು ನಾನು ಸೇರಿಸಿದ್ದು. ನಿನ್ನ ಕಂಡ್ರೆ ಆಗದೆ ಅಲ್ಲ ಇವರು ಸುಮ್ನಿದ್ದಿದ್ದು."

ಮಗನ ಕೈಗಳು ಸತ್ತವನ ಕಿವಿಗಳ ಮೇಲೇ ಇದ್ದವು. ಅವನು ಗೋಡೆಯ ದೊಡ್ಡ ಕನ್ನಡಿಯಲ್ಲಿ ಮೂವರನ್ನೂ ನೋಡಿದ. ಆಮೇಲೆ ಟೈಪಿಸ್ಟಿನ ಕಡೆ ತಿರುಗಿ, "ನೀವು ಬರೆದ್ರಾ?" ಎಂದ.

ಮಗ ಅವನನ್ನು ನೀವು ಎಂದದ್ದು ಮಾತು ಕಲಿತ ಮೇಲೆ ಅದೇ ಮೊದಲು. ಟೈಪಿಸ್ಟ್ "ಹೌದು," ಎಂದ.

ಪಕ್ಕದ ಕುರ್ಚಿ ಮೆಲ್ಲಗೆ ಟೋಪಿ ತೆಗೆದ. ದಟ್ಟವಾದ ಬಿಳಿಗೂದಲು, ಟೋಪಿಯ ಅಂಚು ಕೂತ ಕಡೆ ಸುತ್ತಲೂ ಒಂದು ಗೆರೆ. ನೆತ್ತಿಯ ಮೇಲೆ ಎರಡು ಸುಳಿ, ಒಂದು ಬಲಕ್ಕೆ, ಒಂದು ಎಡಕ್ಕೆ. ಶಾಲೆಯಲ್ಲಿ ಹುಡುಗರು ಮಗನ ತಲೆಯನ್ನು ಬಗ್ಗಿಸಿ, ಎರಡು ಸುಳಿ, ಎರಡು ಮದುವೆ ಎಂದು ರೇಗಿಸುತ್ತಿದ್ದರು. ಅವನು ಆ ಎರಡು ಸುಳಿಗಳನ್ನು ನೋಡಿದ, ಬಹಳ ಹೊತ್ತು ನೋಡಿದ. ಒಂದು ಕೈ ಬಿಟ್ಟು ತನ್ನ ನೆತ್ತಿಯ ತನಕ ಎತ್ತಿದವನು, ತಲೆ ವಾಲತೊಡಗಿದ್ದರಿಂದ ಮತ್ತೆ ಅಲ್ಲಿಗೇ ತಂದ.

"ಕತ್ತರಿಸಿ," ಎಂದ ಪಕ್ಕದ ಕುರ್ಚಿಗೆ.

ಕತ್ತರಿ ಕಚ ಕಚ ಎಂದಿತು. ಟೈಪಿಸ್ಟ್ ಬೆಂಚಿನ ಮೇಲೆ, ಪೆಟ್ಟಿಗೆಯ ಪಕ್ಕ ಉಳಿದಿದ್ದ ಜಾಗದಲ್ಲಿ, ಹಳೆಯ ಕಾಲದಂತೆ ಕೂತ. ಆಮೇಲೆ ಮಗ ಮಾತಾಡತೊಡಗಿದ. ಇವರಿಬ್ಬರಿಗಲ್ಲ. ಕನ್ನಡಿಯ ಕಡೆ ನೋಡುತ್ತ, ಕಟಿಂಗಿಗೆ ಕೂತ ಗಿರಾಕಿ ಆಡುವಂಥ ಮಾತು.

"ಬಿಸಿಲು ಜೋರು ಇವತ್ತು," ಎಂದ. "ನಾನು ಆಸ್ಪತ್ರೇಲಿ ಎಕ್ಸ್-ರೇ ತೆಗೆಯೋದು. ಒಂಬತ್ತು ವರ್ಷ ಆಯ್ತು. ಸಂಬಳ ಪರವಾಗಿಲ್ಲ. ಒಬ್ಳು ಮಗಳಿದ್ದಾಳೆ, ನಾಲ್ಕು ವರ್ಷ. ಭಾರೀ ಬಾಯಿ. ಯಾರ್ ಥರಾನೋ ಅಂತಿದ್ವಿ ಮನೇಲಿ..." ಟೋಪಿಯ ಅಂಚು ಕೂತಿದ್ದ ಗೆರೆಯನ್ನು ಹೆಬ್ಬೆರಳಿನಿಂದ ಸವರಿದ. "ಎರಡನೇ ಕ್ಲಾಸಲ್ಲಿ ನಾನು ಓಟದಲ್ಲಿ ಫಸ್ಟ್ ಬಂದಿದ್ದೆ. ಆವತ್ತು ಸಂಜೆ ಇಲ್ಲಿಗೇ ಬಂದಿದ್ದೆ ಕಟಿಂಗಿಗೆ. ಮೆಡಲ್ ಜೇಬಲ್ಲೇ ಇತ್ತು. ನೀವು ಕೇಳಿದ್ರೆ ತೋರಿಸೋಣ ಅಂತ."

ಪಕ್ಕದ ಕುರ್ಚಿಯ ಕತ್ತರಿ ಈಗ ಕೂದಲಿಲ್ಲದ ಕಡೆ ಆಡುತ್ತಿತ್ತು. ಕೆಲಸ ಯಾವಾಗಲೋ ಮುಗಿದಿತ್ತು. ಮಗನ ಮಾತು ಮುಗಿಯುವ ತನಕ ಅವನು ಅದನ್ನು ನಿಲ್ಲಿಸಲಿಲ್ಲ. ಬಾಗಿಲಲ್ಲಿ ಇಣುಕಿದ ಬೇಕರಿಯಮ್ಮ ಏನು ಕಂಡಳೋ, ಸದ್ದಿಲ್ಲದೆ ಹಿಂದಕ್ಕೆ ಹೋದಳು.

ಕೊನೆಗೆ ಮಗ, "ಇವರ್ನ ಹೀಗೇ ಹಿಡ್ಕೊಳ್ಳಿ" ಎಂದು ತಲೆಯನ್ನು ಪಕ್ಕದ ಕುರ್ಚಿಯ ಕೈಗೆ ಕೊಟ್ಟು, ಮೊಳೆಗೆ ತೂಗುಹಾಕಿದ್ದ ಕೈಗನ್ನಡಿಯನ್ನು ತೆಗೆದುಕೊಂಡ. ಟೈಪಿಸ್ಟ್ ತಡೆಯಲಾರದೆ ಎದ್ದು ಹತ್ತಿರ ಬಂದ. ಬಾಗಿಲಿನಿಂದ ಬೀಳುತ್ತಿದ್ದ ಬಿಸಿಲಿಗೆ ಅವನ ನೆರಳು ಕುರ್ಚಿಯ ಮೇಲೆ ಬಿತ್ತು.

"ಬೆಳಕಿಗೆ ಅಡ್ಡ ನಿಲ್ಲಬೇಡಪ್ಪ," ಎಂದ ಮಗ, ತಿರುಗಿ ನೋಡದೆ.

ಟೈಪಿಸ್ಟ್ ಸರಿದು ಗೋಡೆಗೆ ಒತ್ತಿಕೊಂಡು ನಿಂತ. ಅವನ ಕಣ್ಣು ತುಂಬಿ ಬಂತು.

ಮಗ ಕೈಗನ್ನಡಿಯನ್ನು ಕತ್ತಿನ ಹಿಂದೆ ಹಿಡಿದು, ಸ್ವಲ್ಪ ಓರೆ ಮಾಡಿ, ಎರಡು ಸುಳಿಗಳೂ ಎದುರಿನ ದೊಡ್ಡ ಕನ್ನಡಿಯಲ್ಲಿ ಕಾಣುವಂತೆ ಸರಿಪಡಿಸಿದ.

"ಸರಿಯಿದೆಯಾ ನೋಡಿ," ಎಂದ.

ಹೊರಗೆ ಗಾಡಿಯವನು ಹಾರ್ನ್ ಮಾಡಿದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಮಾಡಿದ. ಮಗನ ತೋಳು ನಡುಗತೊಡಗಿತ್ತು. ಅವನು ಕನ್ನಡಿಯನ್ನು ಇಳಿಸದೆ, ದೊಡ್ಡ ಕನ್ನಡಿಯೊಳಗಿನ ಆ ಮುಚ್ಚಿದ ಕಣ್ಣುಗಳನ್ನೇ ನೋಡುತ್ತ ಕಾಯುತ್ತಿದ್ದ.